‘ಕಂಪ್ಯೂಟರ್ ಹಾಳಾಗಿದೆ’ ಅಂದರೆ ಏನು ಹಾಳಾಗಿದೆ?

ಜುಲೈ ತಿಂಗಳ ಒಂದು ಬೆಳಿಗ್ಗೆ. ಕೊಡಗಿನ ಮೂರ್ನಾಡಿನ ಆಚೆ ನಮ್ಮ ತೋಟದ ಮೇಲೆ ಮೂರು ದಿನದಿಂದ ಬಿಡದೆ ಮಳೆ. ಹಂಚಿನ ಮೇಲೆ ಬೀಳುವ ನೀರಿನ ಸದ್ದಲ್ಲಿ ಫೋನ್ ಹೊಡೆದುಕೊಂಡದ್ದು ಗೊತ್ತಾದದ್ದೇ ಎರಡನೇ ಸಲ. ದೊಡ್ಡಪ್ಪ.

"ಕಂಪ್ಯೂಟರ್ ಹಾಳಾಗಿದೆ ಮಾರಾಯ. ಒಂದ್ಸಲ ಬಂದು ಹೋಗು."

"ಏನಾಗಿದೆ ದೊಡ್ಡಪ್ಪ?"

"ಏನಾಗೋದು, ಹಾಳಾಗಿದೆ. ಏನೂ ಬರ್ತಾ ಇಲ್ಲ."

ದೊಡ್ಡಪ್ಪನ ಮನೆ ನಾಪೋಕ್ಲು ಕಡೆ. ಮಳೆ ಹೀಗೇ ಹೊಡೆದರೆ ಮಧ್ಯಾಹ್ನದ ಹೊತ್ತಿಗೆ ಹೊಳೆ ರಸ್ತೆಗೆ ಬರುತ್ತದೆ. ಹೋದರೆ ವಾಪಸ್ ಬರುವುದು ಯಾವಾಗಲೋ. ಹಾಗಾಗಿ ಫೋನಲ್ಲೇ ಶುರು ಮಾಡಿದೆ. ದೀಪ ಹತ್ತುತ್ತಾ? ಹತ್ತುತ್ತೆ. ಸ್ಕ್ರೀನ್ ಮೇಲೆ ವಿಂಡೋಸ್ ಬರುತ್ತಾ? ಬರುತ್ತೆ. ಮತ್ತೆ ಏನು ಬರುವುದಿಲ್ಲ? ಬ್ಯಾಂಕಿನ ಸೈಟು. ಬ್ಯಾಂಕಿನದ್ದು ಮಾತ್ರವಾ? ಇಲ್ಲ, ಗೂಗಲ್ಲೂ ಬರಲ್ಲ. ಅಲ್ಲೇ ಅದೇ ವೈಫೈನಲ್ಲಿ ನಿಮ್ಮ ಮೊಬೈಲ್ ನಡೆಯುತ್ತಾ? ನಡೆಯುತ್ತೆ. ಹಾಗಾದರೆ ಕಂಪ್ಯೂಟರಿನಲ್ಲಿ ಏನು ತೋರಿಸುತ್ತೆ?

"ಏನೋ ಇಂಗ್ಲಿಷಲ್ಲಿ ಬಂತು. ಮುಚ್ಚಿದೆ."

ಮತ್ತೆ ತೆರೆದು ಓದಿ ಎಂದೆ. ಅಕ್ಷರ ಕೂಡಿಸಿ ಓದಿದರು. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಅನ್ನೋ ಅರ್ಥದ ಸಾಲು.

"ದೊಡ್ಡಪ್ಪ, ಸ್ಕ್ರೀನಿನ ಕೆಳಗೆ ಬಲಗಡೆ ಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಜನವರಿ ಒಂದು. 2015."

ತಾರೀಕು ತಿದ್ದಲು ನಾಲ್ಕು ನಿಮಿಷ ಹಿಡಿಯಿತು. ಅದಕ್ಕೆ ಮುಂಚಿನ ಮಾತಿಗೆ ಇಪ್ಪತ್ತು ನಿಮಿಷ.

ನಾನು ಊರಿಗೆ ವಾಪಸಾಗುವ ಮುಂಚೆ ಮೈಸೂರಿನಲ್ಲಿ ಒಂದು ಕಂಪನಿಯ ಸಹಾಯವಾಣಿಯಲ್ಲಿ ಎಂಟು ವರ್ಷ ಕೂತಿದ್ದವನು. ಅಲ್ಲಿ ಕಂಡದ್ದೂ ಇದೇ. ರಿಪೇರಿಗೆ ಹೊತ್ತು ಹಿಡಿಯುವುದಿಲ್ಲ, ಏನಾಗಿದೆ ಅಂತ ಗೊತ್ತು ಮಾಡಿಕೊಳ್ಳಲು ಹಿಡಿಯುತ್ತದೆ. ಪೇಟೆಯಲ್ಲಿದ್ದರೆ ಯಂತ್ರವನ್ನೇ ಎತ್ತಿಕೊಂಡು ಅಂಗಡಿಗೆ ಹೋಗಬಹುದು. ನಮ್ಮಲ್ಲಿ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಒಂದು ಸುತ್ತು ಅಂದರೆ ಅರ್ಧ ದಿನದ ಕೆಲಸ. ಹಾಗಾಗಿ ಕೊಡಗಿನವರಿಗೆ ಸಮಸ್ಯೆ ಬಿಡಿಸುವುದಕ್ಕಿಂತ ಮೊದಲು ಸಮಸ್ಯೆ ಹೇಳುವುದು ಗೊತ್ತಿರಬೇಕು.

ತಾರೀಕಿಗೂ ಬ್ಯಾಂಕಿಗೂ ಏನು ಸಂಬಂಧ?

ಮೊದಲು ಆ ತಾರೀಕಿನ ಕಥೆ ಮುಗಿಸಿಬಿಡುತ್ತೇನೆ, ಯಾಕೆಂದರೆ ಮಳೆಗಾಲದಲ್ಲಿ ನನಗೆ ಬರುವ ಫೋನುಗಳಲ್ಲಿ ಇದು ಪದೇ ಪದೇ ಬರುತ್ತದೆ.

ಡೆಸ್ಕ್‌ಟಾಪ್ ಕಂಪ್ಯೂಟರಿನ ಒಳಗೆ, ಮದರ್‌ಬೋರ್ಡ್ ಅನ್ನುವ ಮುಖ್ಯ ಹಲಗೆಯ ಮೇಲೆ, ಎಂಟಾಣೆ ನಾಣ್ಯದಂಥ ಒಂದು ಗುಂಡು ಸೆಲ್ ಇರುತ್ತದೆ. ಹೆಚ್ಚಿನವುಗಳಲ್ಲಿ ಅದರ ಹೆಸರು ಸಿಆರ್ 2032, ಮೂರು ವೋಲ್ಟಿನದ್ದು. ಕಂಪ್ಯೂಟರ್ ಆಫ್ ಆಗಿದ್ದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಹಾಕಿದ್ದರೆ ಆ ಸೆಲ್‌ಗೆ ಭಾರ ಇರುವುದಿಲ್ಲ, ಕರೆಂಟೇ ಗಡಿಯಾರವನ್ನು ನೋಡಿಕೊಳ್ಳುತ್ತದೆ. ಆದರೆ ನಾವು ಏನು ಮಾಡುತ್ತೇವೆ? ಸಿಡಿಲು ಬಡಿದೀತು ಅಂತ ಪ್ಲಗ್ ಕಿತ್ತಿಡುತ್ತೇವೆ. ಮಾಡಬೇಕಾದದ್ದೇ ಅದು. ಆದರೆ ಜೂನ್‌ನಲ್ಲಿ ಕಿತ್ತ ಪ್ಲಗ್ಗನ್ನು ವಾರಗಟ್ಟಲೆ ಹಾಕದಿದ್ದರೆ ಗಡಿಯಾರದ ಹೊರೆಯೆಲ್ಲ ಆ ಪುಟ್ಟ ಸೆಲ್ ಮೇಲೆ. ಆರೇಳು ವರ್ಷದ ಹಳೇ ಸೆಲ್ ಆಗಿದ್ದರೆ ಒಂದು ದಿನ ಕೈ ಚೆಲ್ಲುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಕಂಪ್ಯೂಟರ್ ತನಗೆ ಗೊತ್ತಿರುವ ಹಳೇ ತಾರೀಕಿಗೆ ಹೋಗಿ ಕೂರುತ್ತದೆ.

ಇನ್ನು ಬ್ಯಾಂಕು. ಪ್ರತಿಯೊಂದು ಸುರಕ್ಷಿತ ವೆಬ್‌ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದರಲ್ಲಿ ಬರೆದಿರುತ್ತದೆ. 2020ರಲ್ಲಿ ಇದರ ಅವಧಿಯನ್ನು ಹೆಚ್ಚೆಂದರೆ 398 ದಿನಕ್ಕೆ ಇಳಿಸಿದರು. ಬ್ರೌಸರ್ ಆ ಪತ್ರವನ್ನು ನಿಮ್ಮ ಕಂಪ್ಯೂಟರಿನ ತಾರೀಕಿನ ಜೊತೆ ತಾಳೆ ನೋಡುತ್ತದೆ. ಬಸ್ ಪಾಸ್ ಸರಿಯಾಗಿಯೇ ಇದೆ, ಆದರೆ ಕಂಡಕ್ಟರ್ ಕೈಯಲ್ಲಿರುವುದು ಹತ್ತು ವರ್ಷದ ಹಿಂದಿನ ಕ್ಯಾಲೆಂಡರ್ ಅಂದುಕೊಳ್ಳಿ. ಪಾಸ್ ಇನ್ನೂ ಶುರುವಾಗಿಯೇ ಇಲ್ಲ ಅಂತ ಆತ ಕೆಳಗಿಳಿಸುತ್ತಾನೆ. ಹಾಗೆಯೇ ಇದು. ಅದಕ್ಕೇ ದೊಡ್ಡಪ್ಪನ ಕಂಪ್ಯೂಟರಿನಲ್ಲಿ ಬ್ಯಾಂಕೂ ಇಲ್ಲ, ಗೂಗಲ್ಲೂ ಇಲ್ಲ, ಮೊಬೈಲಿನಲ್ಲಿ ಮಾತ್ರ ಎಲ್ಲ ಸರಿ. ಮೊಬೈಲಿನ ಗಡಿಯಾರ ಸರಿ ಇತ್ತು, ಅಷ್ಟೇ.

ಸೆಲ್ ಬದಲಾಯಿಸದಿದ್ದರೆ ಪ್ಲಗ್ ಕಿತ್ತಾಗಲೆಲ್ಲ ಇದೇ ಗೋಳು. ಸೆಲ್‌ನ ಬೆಲೆ ಒಂದು ಊಟದ ಖರ್ಚಿಗಿಂತ ಕಡಿಮೆ. ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು ಅಂತ ಯಾರಾದರೂ ಹೇಳಿದ್ದರೆ ದೊಡ್ಡಪ್ಪ ಒಪ್ಪಿಬಿಡುತ್ತಿದ್ದರು.

ಕಾಫಿ ಗಿಡದ ಬಗ್ಗೆ ಹೇಳುವ ಹಾಗೆ

ತಮಾಷೆ ಏನು ಗೊತ್ತಾ? ಇದೇ ದೊಡ್ಡಪ್ಪ ಕಾಫಿ ಗಿಡದ ಬಗ್ಗೆ ಯಾರನ್ನಾದರೂ ಕೇಳುವಾಗ ‘ಕಾಫಿ ಹಾಳಾಗಿದೆ’ ಅನ್ನುವುದಿಲ್ಲ. ಅರೇಬಿಕಾನೋ ರೋಬಸ್ಟಾನೋ ಹೇಳುತ್ತಾರೆ. ಹೊಳೆ ಬದಿಯ ಬ್ಲಾಕಿನಲ್ಲಿ, ನೆರಳು ಜಾಸ್ತಿ ಇರುವ ಕಡೆ ಮಾತ್ರ ಅನ್ನುತ್ತಾರೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿಯೋ, ಎಲೆ ಕಪ್ಪಾಗಿ ಕೊಳೆತು ನೇತಾಡುತ್ತಿದೆಯೋ, ಬೋರ್ಡೋ ದ್ರಾವಣ ಹೊಡೆದು ಎಷ್ಟು ದಿನವಾಯಿತು, ಹೊಡೆದ ದಿನ ಮಳೆ ಬಂತೋ ಇಲ್ಲವೋ, ಎಲ್ಲ ಹೇಳುತ್ತಾರೆ. ಕೇಳಿದವರಿಗೆ ತುಕ್ಕು ರೋಗವೋ ಕೊಳೆ ರೋಗವೋ ತೋಟಕ್ಕೆ ಬರದೆಯೇ ಅರ್ಧ ತಿಳಿದುಬಿಡುತ್ತದೆ.

ಕಂಪ್ಯೂಟರಿಗೂ ಅಷ್ಟೇ ಸಾಕು. ನೀವು ಏನು ಮಾಡಲು ಹೊರಟಿದ್ದಿರಿ, ಏನಾಯಿತು, ಕಂಡ ಸಾಲು ಯಾವುದು, ನಿನ್ನೆ ಮೊನ್ನೆ ಏನು ಬದಲಾಗಿದೆ. ಇವುಗಳಲ್ಲಿ ಕಂಡ ಸಾಲನ್ನು ಕಂಡ ಹಾಗೇ ಹೇಳುವುದು ಎಲ್ಲಕ್ಕಿಂತ ಮುಖ್ಯ. ‘ಏನೋ ಎರರ್’ ಅಂದರೆ ನನ್ನಂಥವನಿಗೆ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ. ಇಂಗ್ಲಿಷ್ ಓದಲು ಕಷ್ಟವಾದರೆ ಓದಬೇಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಸ್ಕ್ರೀನ್ ಪೂರ್ತಿ ಬರುವ ಹಾಗೆ, ನೇರವಾಗಿ ನಿಂತು, ಟ್ಯೂಬ್‌ಲೈಟಿನ ಹೊಳಪು ಬೀಳದ ಹಾಗೆ. ಕಂಪ್ಯೂಟರ್ ನಡೆಯುತ್ತಿದ್ದರೆ ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬೇಕಾದಷ್ಟು ಭಾಗದ ಚಿತ್ರ ಸಿಗುತ್ತದೆ. ಗೂಗಲ್ ಟ್ರಾನ್ಸ್‌ಲೇಟಿನ ಕ್ಯಾಮೆರಾ ಹಿಡಿದರೆ ಆ ಸಾಲಿನ ಕನ್ನಡವೂ ಅಲ್ಲೇ ಕಾಣುತ್ತದೆ. ಅನುವಾದ ಅಷ್ಟಕ್ಕಷ್ಟೇ, ಆದರೆ ಏನೋ ಒಂದು ಅಂದಾಜು ಸಿಗುತ್ತದೆ.

ಕೊನೆಯದಾಗಿ ಏನು ಬದಲಾಯಿತು ಅನ್ನುವ ಪ್ರಶ್ನೆಗೆ ಎಲ್ಲರೂ ಹೇಳುವುದು ಒಂದೇ ಉತ್ತರ: ‘ಏನೂ ಮಾಡಿಲ್ಲ’. ನಂಬಬೇಡಿ, ನಿಮ್ಮನ್ನು ನೀವೂ ನಂಬಬೇಡಿ. ಮೊಮ್ಮಗ ರಜೆಗೆ ಬಂದು ಆಟ ಹಾಕಿಕೊಂಡು ಹೋಗಿರುತ್ತಾನೆ. ಗುಡಿಸುವಾಗ ವೈರ್ ಅಲುಗಿರುತ್ತದೆ. ಇಲ್ಲವೇ ನೀವು ಮಲಗಿದ್ದಾಗ ಅಪ್‌ಡೇಟ್ ಬಂದಿರುತ್ತದೆ. 2024ರ ಜುಲೈ 19ರಂದು ಒಂದು ಸುರಕ್ಷತಾ ಸಾಫ್ಟ್‌ವೇರಿನ ತಪ್ಪು ಅಪ್‌ಡೇಟಿನಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಕೈಬರಹದಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆ ಕಂಪ್ಯೂಟರುಗಳ ಮುಂದೆ ಕೂತಿದ್ದವರೂ ಏನೂ ಮಾಡಿರಲಿಲ್ಲ.

ಇನ್ನೊಂದು ವಿಷಯ. ನಿಮಗೆ ನಿಜವಾಗಿ ಬೇಕಿರುವುದನ್ನು ಕೇಳಿ, ದಾರಿಯಲ್ಲಿ ಎಡವಿದ ಕಲ್ಲನ್ನಲ್ಲ. ಪಕ್ಕದ ತೋಟದ ಅಕ್ಕ ಒಂದು ದಿನ ಕೇಳಿದರು, "ಮೊಬೈಲಿನ ಕ್ಯಾಮೆರಾ ಕ್ವಾಲಿಟಿ ಕಮ್ಮಿ ಮಾಡೋದು ಹೇಗೆ?" ಅದನ್ನೇ ಹುಡುಕುತ್ತಾ ಹತ್ತು ನಿಮಿಷ ಕಳೆದೆವು. ಆಮೇಲೆ ತಿಳಿಯಿತು, ಮಗಳ ಅರ್ಜಿಗೆ ಫೋಟೋ ಹಾಕಬೇಕು, ಸೈಟು 50 ಕೆಬಿಗಿಂತ ಕಡಿಮೆ ಇರಬೇಕು ಅನ್ನುತ್ತದೆ, ಇವರ ಫೋಟೋ 4 ಎಂಬಿ. ಅಂದರೆ ಎಂಬತ್ತು ಪಟ್ಟು ದೊಡ್ಡದು. ಕ್ಯಾಮೆರಾ ಮುಟ್ಟುವುದೇ ಬೇಡ. ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ನನಗೆ ಕಳಿಸಿದರು, ಅಲ್ಲೇ ಅದು ಕುಗ್ಗಿತು. ಉಳಿದದ್ದನ್ನು ಕಂಪ್ಯೂಟರಿನ ಪೇಂಟ್ ಪ್ರೋಗ್ರಾಮಿನಲ್ಲಿ ಅಳತೆ ಕಡಿಮೆ ಮಾಡಿ ವಾಪಸ್ ಕಳಿಸಿದೆ. ಮೊದಲೇ ‘ಅರ್ಜಿಗೆ ಫೋಟೋ ಚಿಕ್ಕದು ಮಾಡಬೇಕು’ ಅಂದಿದ್ದರೆ ಎರಡು ನಿಮಿಷದ ಕೆಲಸ.

ನಮ್ಮ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ನೆಟ್‌ವರ್ಕ್ ಸಿಗುವ ತಿರುವಿಗೆ ಕೊಡೆ ಹಿಡಿದು ಹೋಗಿ ಮಾತಾಡಿದವರು ನಾವೆಲ್ಲ. ಅಂಥಲ್ಲಿ ‘ಹಲೋ’ ಅಂತ ಒಂದು ಮೆಸೇಜ್ ಹಾಕಿ, ಉತ್ತರ ಬರುವವರೆಗೆ ಕಾದು, ಆಮೇಲೆ ‘ಒಂದು ಡೌಟು’ ಅಂತ ಇನ್ನೊಂದು ಹಾಕುವುದು ಸುಮ್ನೆ ಹೊತ್ತು ಕಳೆಯುವ ಕೆಲಸ. ಇಡೀ ಕಥೆ ಒಂದೇ ಮೆಸೇಜಿನಲ್ಲಿ ಬರಲಿ, ಫೋಟೋ ಸಮೇತ. ಮಾತು ಕಡಿದುಹೋಗುವ ಕಡೆಯೂ ಮೆಸೇಜ್ ಹೇಗೋ ನುಸುಳಿಕೊಂಡು ಹೋಗುತ್ತದೆ.

ಆಫ್ ಮಾಡಿ ಆನ್ ಮಾಡಿದ್ರಾ?

ಈ ಪ್ರಶ್ನೆ ಕೇಳಿದರೆ ಎಲ್ಲರಿಗೂ ಸಿಟ್ಟು. ಆದರೆ ಇದಕ್ಕೆ ಕಾರಣ ಇದೆ. ದಿನಗಟ್ಟಲೆ ನಡೆದ ಯಂತ್ರದಲ್ಲಿ ಅರ್ಧಕ್ಕೆ ನಿಂತ ಕೆಲಸಗಳು, ಬಿಟ್ಟುಕೊಡದ ಮೆಮೊರಿ, ಒಂದನ್ನೊಂದು ಕಾಯುತ್ತಾ ಕೂತ ಪ್ರೋಗ್ರಾಮುಗಳು ತುಂಬಿಕೊಂಡಿರುತ್ತವೆ. ಹೊಸದಾಗಿ ಶುರು ಮಾಡಿದರೆ ಅವೆಲ್ಲ ಹೋಗುತ್ತವೆ.

ಇಲ್ಲಿ ಎರಡು ಮೋಸ ಇವೆ. ಒಂದು, ಕೆಲವರು ‘ಆಫ್’ ಅಂದರೆ ಮಾನಿಟರಿನ ಬಟನ್ ಒತ್ತುತ್ತಾರೆ. ದೊಡ್ಡಪ್ಪ ಎರಡು ವರ್ಷ ಅದನ್ನೇ ಮಾಡಿದ್ದರು. ಕೆಳಗಿನ ಡಬ್ಬಿ ಪಾಪ ಹಗಲೂ ರಾತ್ರಿ ನಡೆಯುತ್ತಲೇ ಇತ್ತು. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲದ್ದು: ವಿಂಡೋಸ್‌ನಲ್ಲಿ ‘ಶಟ್ ಡೌನ್’ ಮಾಡಿ ಆನ್ ಮಾಡುವುದೂ ‘ರೀಸ್ಟಾರ್ಟ್’ ಮಾಡುವುದೂ ಒಂದೇ ಅಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದು ವ್ಯವಸ್ಥೆ ಇದೆ. ಬೇಗ ಶುರುವಾಗಲಿ ಅಂತ ಶಟ್ ಡೌನ್ ಮಾಡುವಾಗ ವಿಂಡೋಸ್ ತನ್ನ ಒಳಗಿನ ಒಂದು ಭಾಗವನ್ನು ಇದ್ದ ಹಾಗೇ ಡಿಸ್ಕಿಗೆ ಬರೆದಿಡುತ್ತದೆ, ಮುಂದಿನ ಸಲ ಅದನ್ನೇ ಎತ್ತಿಕೊಂಡು ಬರುತ್ತದೆ. ಗೊಂದಲವೂ ಜೊತೆಗೇ ವಾಪಸ್ ಬರಬಹುದು. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದು. ಹಾಗಾಗಿ ‘ರಾತ್ರಿ ಆಫ್ ಮಾಡಿದ್ದೆ, ಬೆಳಿಗ್ಗೆ ಆನ್ ಮಾಡಿದೆ, ಹಾಗೇ ಇದೆ’ ಅನ್ನುವವರಿಗೂ ಒಂದು ಸಲ ರೀಸ್ಟಾರ್ಟ್ ಒತ್ತಿ ಅನ್ನುತ್ತೇನೆ.

ಪ್ರಿಂಟರಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬರೆದರೆ ಮುಗಿಯುವುದೂ ಇಲ್ಲ. ಒಂದೇ ಮಾತು: ಪ್ರಿಂಟ್ ಬರಲಿಲ್ಲ ಅಂತ ಹತ್ತು ಸಲ ಒತ್ತಬೇಡಿ. ಮೊದಲನೆಯ ಕಾಗದ ಸಿಕ್ಕಿಹಾಕಿಕೊಂಡಿರುತ್ತದೆ, ಉಳಿದ ಒಂಬತ್ತು ಅದರ ಹಿಂದೆ ಸಾಲಲ್ಲಿ ನಿಂತಿರುತ್ತವೆ. ಆ ಸಾಲನ್ನು ತೆರೆದು ಎಲ್ಲ ಅಳಿಸಿ, ಕಂಪ್ಯೂಟರನ್ನೂ ಪ್ರಿಂಟರನ್ನೂ ರೀಸ್ಟಾರ್ಟ್ ಮಾಡಿ, ಒಂದು ಪುಟ ಮಾತ್ರ ಕೊಟ್ಟು ನೋಡಿ.

ಕೆಂಪು ದೀಪ

‘ನೆಟ್ ಬರ್ತಿಲ್ಲ’ ಅನ್ನುವವರು ಮೊದಲು ಕಂಪ್ಯೂಟರಿನ ಮೇಲೆ ಅನುಮಾನ ಪಡುತ್ತಾರೆ. ಗೋಡೆಗೆ ಹೊಡೆದಿರುವ ಆ ಬಿಳಿ ಡಬ್ಬಿಯ ಕಡೆ ನೋಡಿ. ಫೈಬರ್ ಸಂಪರ್ಕ ಇದ್ದರೆ ಅದರಲ್ಲಿ ಪವರ್, ಪಾನ್ (PON), ಲಾಸ್ (LOS) ಅಂತ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದ ದೀಪಗಳಿರುತ್ತವೆ. ಲಾಸ್ ಅನ್ನುವ ಮೂರಕ್ಷರದ ದೀಪ ಕೆಂಪಾಗಿ ಮಿಣುಕುತ್ತಿದ್ದರೆ ಗಾಜಿನ ಎಳೆಯಲ್ಲಿ ಬರಬೇಕಾದ ಬೆಳಕು ಡಬ್ಬಿಯನ್ನು ಮುಟ್ಟುತ್ತಿಲ್ಲ ಅಂತ ಅರ್ಥ. ಎಲ್ಲೋ ಮರ ಬಿದ್ದಿದೆ, ಕೊಂಬೆ ಎಳೆದಿದೆ, ಅಥವಾ ಡಬ್ಬಿಯ ಹಿಂದೆಯೇ ಎಳೆ ಮಡಚಿಕೊಂಡಿದೆ. ಆಗ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ, ಸಂಪರ್ಕ ಕೊಟ್ಟವರಿಗೇ ಹೇಳಬೇಕು. ‘ಕೆಂಪು ದೀಪ ಮಿಣುಕುತ್ತಿದೆ’ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಇಲ್ಲದಿದ್ದರೆ ಅವರೂ ನಿಮ್ಮಿಂದ ಕಂಪ್ಯೂಟರ್ ಆಫ್ ಮಾಡಿಸುತ್ತಾರೆ. ದೀಪಗಳೆಲ್ಲ ಹಸಿರಾಗಿದ್ದು ಮೊಬೈಲಿಗೆ ನೆಟ್ ಬರುತ್ತಿದ್ದು ಕಂಪ್ಯೂಟರಿಗೆ ಮಾತ್ರ ಬಾರದಿದ್ದರೆ ಆಗ ನನ್ನ ಸರದಿ.

ಫೈಬರಿನಲ್ಲಿ ಸಿಡಿಲು ಹರಿಯುವುದಿಲ್ಲ, ಗಾಜು ತಾನೇ. ಆದರೆ ಡಬ್ಬಿಯ ಅಡಾಪ್ಟರ್ ಕರೆಂಟಿನ ಸಾಲಿನಲ್ಲೇ ಇದೆ, ಅಲ್ಲಿಂದ ಕಂಪ್ಯೂಟರಿಗೆ ತಾಮ್ರದ ಲ್ಯಾನ್ ವೈರ್ ಹೋಗಿದೆ. ಪವರ್ ಪ್ಲಗ್ ಕಿತ್ತು ಲ್ಯಾನ್ ವೈರ್ ಬಿಟ್ಟು ಒಂದು ಮದರ್‌ಬೋರ್ಡ್ ಸುಟ್ಟುಕೊಂಡವನು ನಾನೇ. ಏಪ್ರಿಲ್‌ನ ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗಿನಲ್ಲಿ. ಕೀಳುವುದಾದರೆ ಎರಡನ್ನೂ ಕೀಳಿ.

ಕನ್ನಡ ಹೋಗಿ ಕಜ್ಜಾಯ ಬಂತು

ಸಹಕಾರ ಸಂಘದ ಮಹಾಸಭೆಯ ನೋಟಿಸ್ ವಾಟ್ಸಾಪ್‌ಗೆ ಬರುತ್ತದೆ. ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ ಇಟ್ಟುಕೊಂಡ ಯುರೋಪಿನ ಅಕ್ಷರಗಳ ರಾಶಿ. ಫೈಲ್ ಕೆಟ್ಟಿದೆ ಅಂತ ಕಾರ್ಯದರ್ಶಿಗೆ ಬೈಯುತ್ತೇವೆ. ಫೈಲ್ ಕೆಟ್ಟಿಲ್ಲ.

‘ನುಡಿ’, ‘ಬರಹ’, ‘ಶ್ರೀಲಿಪಿ’ ಮುಂತಾದ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳು ಬಂದ ಕಾಲದಲ್ಲಿ ಕಂಪ್ಯೂಟರುಗಳಿಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದರು. ಫೈಲಿನ ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳನ್ನೇ ಇಟ್ಟು, ಫಾಂಟಿನ ಮೂಲಕ ಅವಕ್ಕೆ ಕನ್ನಡದ ವೇಷ ಹಾಕಿದರು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ವೇಷ ಕಾಣುತ್ತದೆ. ಇಲ್ಲದ ಕಡೆ ವೇಷ ಕಳಚಿ ಒಳಗಿನ ಮುಖ ಕಾಣುತ್ತದೆ. ಶ್ರೀಲಿಪಿಯ ಜೋಡಣೆ ಬೇರೆ, ನುಡಿಯದು ಬೇರೆ, ಆದ್ದರಿಂದ ಒಂದರ ಫಾಂಟ್ ಇನ್ನೊಂದಕ್ಕೆ ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ 128 ಮನೆಗಳ ಒಂದು ಕೇರಿ ಕೊಟ್ಟರು. ಅಲ್ಲಿ ‘ಕ’ ಅಂದರೆ ಯಾವ ದೇಶದ ಯಾವ ಫೋನಿನಲ್ಲೂ ‘ಕ’ವೇ.

ಇಲ್ಲಿ ಕಣ್ಣಿಗೆ ಕಂಡದ್ದರಿಂದಲೇ ಕಾರಣ ಹೇಳಬಹುದು. ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರ ಕಂಡರೆ ಹಳೇ ಫಾಂಟಿನ ಬರಹ. ಓದಲಿಕ್ಕಷ್ಟೇ ಬೇಕಾದರೆ ‘ಪಿಡಿಎಫ್ ಮಾಡಿ ಕಳಿಸಿ’ ಅನ್ನಿ, ಸಾಮಾನ್ಯವಾಗಿ ಫಾಂಟ್ ಅದರ ಒಳಗೇ ಕೂತು ಬರುತ್ತದೆ. ತಿದ್ದಬೇಕಾದರೆ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಬೇಕು. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಬರಹ ಸರಿಯಾಗಿದೆ, ನಿಮ್ಮ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ಎಲ್ಲ ಕಡೆ ಪ್ರಶ್ನೆ ಚಿಹ್ನೆಗಳೇ ಕಂಡರೆ ಮಾತ್ರ ಹೆಚ್ಚಾಗಿ ಕಳಿಸುವಾಗಲೇ ಬರಹ ಕಳೆದುಹೋಗಿದೆ, ಮತ್ತೆ ಕಳಿಸಲು ಹೇಳಬೇಕು. ಮೂರಕ್ಕೂ ‘ಕನ್ನಡ ಬರ್ತಿಲ್ಲ’ ಅಂದರೆ ಯಾರಿಗೆ ಗೊತ್ತಾಗುತ್ತದೆ?

ಕಾರ್ಯದರ್ಶಿಯವರಿಗೂ ಒಂದು ಮಾತು: ಹೊಸದಾಗಿ ಬರೆಯುವಾಗ ಯೂನಿಕೋಡ್‌ನಲ್ಲೇ ಬರೆಯಿರಿ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ, ಯಾರಿಗೂ ಕಾಸು ಕೊಡಬೇಕಿಲ್ಲ.

ಯಾರನ್ನು ಕೇಳುವುದು, ಯಾರನ್ನು ಕೇಳಬಾರದು

ಪ್ರಿಂಟರ್ ಕಂಪನಿಯ ಕಸ್ಟಮರ್ ಕೇರ್ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಫೋನ್ ಮಾಡುವುದು ನಮ್ಮ ದೊಡ್ಡ ತಪ್ಪು. ಮೇಲೆ ಬರುವುದು ಹೆಚ್ಚಾಗಿ ಜಾಹೀರಾತು, ಅದರಲ್ಲಿ ಕಳ್ಳರ ನಂಬರೂ ಸೇರಿಕೊಂಡಿರುತ್ತದೆ. ನಮ್ಮೂರಿನ ಒಬ್ಬರಿಗೆ ಆದದ್ದು ಹೀಗೇ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿದ, ಸರ್ ಸರ್ ಅಂದ. ದೂರದಿಂದಲೇ ಪರದೆ ನೋಡಲು ಬಿಡುವ ಎನಿಡೆಸ್ಕ್ ಅನ್ನುವ ಆ್ಯಪ್ ಹಾಕಿಸಿದ, ಅದು ತೋರಿಸಿದ ಒಂಬತ್ತು ಅಂಕೆ ಕೇಳಿದ. ಹತ್ತು ರೂಪಾಯಿ ನೋಂದಣಿ ಶುಲ್ಕ ಅಂತ ಬ್ಯಾಂಕ್ ಆ್ಯಪ್ ತೆರೆಸಿದ. ಪರದೆ ಅವನಿಗೂ ಕಾಣುತ್ತಿತ್ತು, ಇವರು ಒತ್ತಿದ್ದೆಲ್ಲ ಕಾಣುತ್ತಿತ್ತು. ಮುಂದಿನದು ಬೇಡ.

ಸರಿಯಾದ ನಂಬರ್ ಬಿಲ್ಲಿನ ಮೇಲಿದೆ, ಡಬ್ಬಿಯ ಒಳಗಿನ ಪುಸ್ತಕದಲ್ಲಿದೆ, ಕಂಪನಿಯ ಸ್ವಂತ ಸೈಟಿನಲ್ಲಿದೆ. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ಸೈರನ್ ಕೂಗಿ, ‘ಈ ನಂಬರಿಗೆ ಕರೆ ಮಾಡಿ’ ಅಂದರೆ ಅದು ವೈರಸ್ಸಲ್ಲ, ಬರೀ ಒಂದು ವೆಬ್ ಪುಟ. ತನ್ನ ಎರರ್ ಮೆಸೇಜುಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಅಂತ ಮೈಕ್ರೋಸಾಫ್ಟ್ ತಾನೇ ಹೇಳಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಮುಚ್ಚಿ, ಕಾಫಿ ಕುಡಿಯಿರಿ. ದುಡ್ಡು ಹೋಗಿಬಿಟ್ಟಿದ್ದರೆ ಮಾತ್ರ ಕಾಫಿ ಆಮೇಲೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ.

ದೂರದಿಂದ ಪರದೆ ನೋಡಿ ಸಹಾಯ ಮಾಡುವುದೇ ತಪ್ಪು ಅಂತಲ್ಲ. ನಾನೂ ದೊಡ್ಡಪ್ಪನ ಪರದೆಯನ್ನು ವಿಂಡೋಸ್‌ನ ಕ್ವಿಕ್ ಅಸಿಸ್ಟ್‌ನಲ್ಲಿ ನೋಡುತ್ತೇನೆ. ಯಾರು ಯಾರನ್ನು ಹುಡುಕಿಕೊಂಡು ಹೋದರು ಅನ್ನುವುದನ್ನು ನೋಡಿ. ನೀವು ಗೊತ್ತಿದ್ದವರನ್ನು ಕರೆದಿದ್ದರೆ ಸರಿ. ಅವರೇ ನಿಮ್ಮನ್ನು ಕರೆದು ‘ನಿಮ್ಮ ಕಂಪ್ಯೂಟರಿನಲ್ಲಿ ತೊಂದರೆ ಇದೆ’ ಅಂದರೆ ಫೋನ್ ಇಟ್ಟುಬಿಡಿ.

ಈಗ ಎಲ್ಲರ ಕೈಯಲ್ಲೂ ಎಐ ಇದೆ. ಕನ್ನಡದಲ್ಲೇ ಕೇಳಬಹುದು, ಎರರ್ ಸಾಲಿನ ಅರ್ಥ ಬಿಡಿಸಿ ಹೇಳಲು ಒಳ್ಳೆಯದು. ಆದರೆ ಇಲ್ಲದ ಬಟನ್ನಿಗೂ ಧೈರ್ಯವಾಗಿ ದಾರಿ ಹೇಳುತ್ತದೆ. ನಿಮ್ಮದು ವಿಂಡೋಸ್ 10ಓ 11ಓ, ಯಾವ ಪ್ರೋಗ್ರಾಮು ಅಂತ ಮೊದಲೇ ತಿಳಿಸಿ. ಏನನ್ನಾದರೂ ಅಳಿಸು, ಬದಲಾಯಿಸು ಅಂದರೆ ‘ಇದನ್ನು ವಾಪಸ್ ಮಾಡುವುದು ಹೇಗೆ’ ಅಂತ ಮಾಡುವ ಮುಂಚೆಯೇ ಕೇಳಿ. ಪಾಸ್‌ವರ್ಡ್, ಆಧಾರ್ ಸಂಖ್ಯೆ ಅಲ್ಲಿ ಹಾಕಬೇಡಿ. ಇನ್ನು ಪಹಣಿ, ಸೇವಾಸಿಂಧು ಅರ್ಜಿ ಇಂಥವುಗಳಲ್ಲಿ ತೊಡಕಾದರೆ ನನ್ನನ್ನಾಗಲಿ ಎಐಯನ್ನಾಗಲಿ ಕೇಳುವುದಕ್ಕಿಂತ ಹತ್ತಿರದ ಗ್ರಾಮ ಒನ್‌ಗೆ ಹೋಗುವುದು ಲೇಸು. ಅವರು ದಿನಾ ಆ ಸೈಟುಗಳ ಜೊತೆ ಗುದ್ದಾಡುವವರು.

ಅಂಗಡಿಗೆ ಕೊಡುವ ಮುಂಚೆ

ಕೆಲವು ಸಲ ಅಂಗಡಿಯೇ ಗತಿ. ಸುಟ್ಟ ವಾಸನೆ ಬಂದರೆ, ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ, ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಆನ್ ಕೂಡ ಮಾಡಬೇಡಿ. ಅಂಗಡಿಯವರಿಗೂ ಅದೇ ಕಥೆ ಹೇಳಿ: ಏನು ಮಾಡುತ್ತಿದ್ದಿರಿ, ಏನು ಕಂಡಿತು, ಯಾವಾಗಿನಿಂದ. ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ನೀವು ಹೇಳಿದ್ದು ಕೌಂಟರಿನ ಹುಡುಗನಿಗೆ, ಬಿಚ್ಚುವವರು ಇನ್ನೊಬ್ಬರು.

‘ಫಾರ್ಮ್ಯಾಟ್ ಮಾಡ್ಬೇಕು’ ಅಂದರೆ ‘ನನ್ನ ಫೈಲುಗಳು ಉಳಿಯುತ್ತವಾ?’ ಅಂತ ಬಾಯಿಬಿಟ್ಟು ಕೇಳಿ. ಫಾರ್ಮ್ಯಾಟ್ ಅಂದರೆ ಅಳಿಸುವುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಬಲೆ ಇದೆ. ವಿಂಡೋಸ್ 11 ಇರುವ ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ತಾನಾಗಿಯೇ ಬಿದ್ದಿರುತ್ತದೆ. ಮದರ್‌ಬೋರ್ಡ್ ಬದಲಾದರೆ ಅದು 48 ಅಂಕೆಗಳ ಒಂದು ಕೀಲಿ ಕೇಳುತ್ತದೆ. ಆ ಕೀಲಿ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆಯ ಪಾಸ್‌ವರ್ಡ್ ಮರೆತಿದ್ದರೆ ಅಂಗಡಿಯವರಿಗೂ ಏನೂ ಮಾಡಲಾಗುವುದಿಲ್ಲ. ಮೊದಲೇ ನೋಡಿ ಬರೆದಿಡಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದಕ್ಕೆ ‘ಇದು ಇನ್ನು ನಡೆಯಲ್ಲ, ಹೊಸದು ತಗೊಳ್ಳಿ’ ಅನ್ನುವವರಿದ್ದಾರೆ. ನಡೆಯುತ್ತದೆ. ಸುರಕ್ಷತೆಯ ಅಪ್‌ಡೇಟುಗಳು ಮೊದಲಿನಂತೆ ಬರುವುದಿಲ್ಲ, ಹಾಗಾಗಿ ಬ್ಯಾಂಕಿನ ಕೆಲಸಕ್ಕೆ ನಾನು ಅದನ್ನು ಬಳಸುವುದಿಲ್ಲ. ಆದರೆ ಕೂಲಿ ಲೆಕ್ಕ ಬರೆಯುವ ಹಳೇ ಯಂತ್ರವನ್ನು ಅದಕ್ಕಾಗಿ ಎಸೆಯಬೇಕಿಲ್ಲ.

ಇನ್ನು ಫೈಲುಗಳ ಪ್ರತಿ, ಅಂದರೆ ಬ್ಯಾಕಪ್. ಎಲ್ಲ ಸಹಾಯವೂ ಕೈಕೊಟ್ಟ ದಿನ ಉಳಿಯುವುದು ಅದೊಂದೇ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಕಾಗದಪತ್ರ ಹಾಗಿರಲಿ, ಮನೆಗಳೇ ಹೋದವು. ಒಂದು ಪೆನ್‌ಡ್ರೈವ್ ಕಂಪ್ಯೂಟರಿನ ಪಕ್ಕದ ಡ್ರಾಯರಿನಲ್ಲೇ ಇದ್ದರೆ ಅದನ್ನು ಎರಡನೇ ಪ್ರತಿ ಅನ್ನಲಾಗದು. ಗೂಗಲ್ ಡ್ರೈವಿನಲ್ಲಿ 15 ಜಿಬಿ ಬಿಟ್ಟಿಯಾಗಿ ಸಿಗುತ್ತದೆ, ತೋಟದ ಲೆಕ್ಕಕ್ಕೆ ಧಾರಾಳ. ನೆಟ್ ನಂಬಿಕೆ ಇಲ್ಲದವರು ಒಂದು ಪ್ರತಿಯನ್ನು ಮೈಸೂರಿನ ನೆಂಟರ ಮನೆಯಲ್ಲಿಡಲಿ. ದೊಡ್ಡಪ್ಪ ಪ್ರತಿ ವರ್ಷ ಪುತ್ತರಿ ಸುಗ್ಗಿ ಹಬ್ಬಕ್ಕೆ ಬರುವ ಮಗಳ ಕೈಯಲ್ಲಿ ಒಂದು ಡ್ರೈವ್ ಕೊಟ್ಟು ಕಳಿಸುತ್ತಾರೆ, ಹೊಸ ಅಕ್ಕಿಯ ಜೊತೆಗೇ.

ಕಳೆದ ವಾರ ಅವರದ್ದೊಂದು ಮೆಸೇಜ್ ಬಂತು. ‘ಹಲೋ’ ಇಲ್ಲ, ‘ಹಾಳಾಗಿದೆ’ ಇಲ್ಲ. "ಬೆಳಿಗ್ಗೆ ಏಳರಿಂದ ನೆಟ್ ಇಲ್ಲ. ಮೊಬೈಲಿಗೂ ವೈಫೈ ಬರಲ್ಲ. ತಾರೀಕು ಸರಿ ಇದೆ. ಡಬ್ಬಿಯಲ್ಲಿ ಕೆಂಪು ದೀಪ ಮಿಣುಕ್ತಾ ಇದೆ. ರಾತ್ರಿ ಗಾಳಿಗೆ ಗೇಟಿನ ಹತ್ರ ಸಿಲ್ವರ್ ಮರ ವೈರ್ ಮೇಲೆ ಬಿದ್ದಿದೆ." ಕೆಳಗೆ ಎರಡು ಫೋಟೋ, ಒಂದು ದೀಪದ್ದು, ಒಂದು ಮರದ್ದು.

ಒಂದು ನಿಮಿಷ ಬಿಟ್ಟು ಇನ್ನೊಂದು ಬಂತು. "ಮರ ಕಡಿಯೋರಿಗೆ ಹೇಳಿದ್ದೇನೆ. ನೆಟ್‌ನವರು ಮಧ್ಯಾಹ್ನ ಬರ್ತಾರಂತೆ. ನೀನು ಬರೋದು ಬೇಡ."